ಅರ್ಧ ಹಣೆಯ ಲೈಸೆನ್ಸ್

…ಫೋಟೋದಲ್ಲಿ ಚೆನ್ನಾಗೇ ಕಾಣ್ತಾರಲ್ಲ, ಎಂದಿರಿ ನೀವು. ಅದರ ಹಿಂದೆಯೇ ಇನ್ನೊಂದು ಮಾತು ಬಂತು. ಅದು ‘ನಿಮಗೇನ್ರೀ ತೊಂದ್ರೆ’ ಎಂದಿತ್ತೋ, ‘ಮನೇಲಿ ಕೂತು ಮಾತಾಡ್ಕೊಳ್ಳಿ’ ಎಂದಿತ್ತೋ ಈಗ ಸರಿಯಾಗಿ ನೆನಪಾಗುತ್ತಿಲ್ಲ. ಆ ಹೊತ್ತಿಗೆ ನನ್ನ ಹಿಂದೆ ನಿಂತವರು ತಮ್ಮ ಫೈಲನ್ನು ನನ್ನ ಭುಜದ ಮೇಲಿಂದ ನಿಮ್ಮ ಮೇಜಿಗೆ ದಾಟಿಸುತ್ತಿದ್ದರು. ಮೊದಲ ಮಾತು ಮಾತ್ರ ಸ್ಪಷ್ಟವಾಗಿ ಉಳಿದಿದೆ, ಮಾನ್ಯ ಪರವಾನಗಿ ಅಧಿಕಾರಿಗಳೇ, ಮತ್ತು ಎರಡು ವಾರದಿಂದ ಅದು ನನ್ನ ಜೊತೆಯಲ್ಲೇ ಓಡಾಡುತ್ತಿದೆ. ನಿಮ್ಮ ಕಚೇರಿಗೆ ಕೊಟ್ಟ ಎರಡು ಅರ್ಜಿಗಳಿಗೆ ಸ್ವೀಕೃತಿಯ ಮೊಹರು ಬಿದ್ದದ್ದನ್ನು ಬಿಟ್ಟರೆ ಬೇರೇನೂ ಆಗಲಿಲ್ಲ. ಆದ್ದರಿಂದ ಮೂರನೆಯದನ್ನು ಎಲ್ಲರೂ ಓದುವ ಜಾಗದಲ್ಲಿ ಇಡುತ್ತಿದ್ದೇನೆ.

ನನ್ನ ದೂರು ಇಷ್ಟು. ನನ್ನ ತಮ್ಮ ಪ್ರಭುದೇವನ ಮೆದುಳಿಗೆ ಪೆಟ್ಟು ಬಿದ್ದಿದೆ. ತನ್ನ ಎಡಗಡೆ ಒಂದು ಜಗತ್ತಿದೆ ಎಂಬುದೇ ಅವನ ಗಮನಕ್ಕೆ ಬರುವುದಿಲ್ಲ. ಅಂಥವನಿಗೆ ನೀವು ಸ್ಕೂಟರ್ ಓಡಿಸುವ ಲೈಸೆನ್ಸನ್ನು ನವೀಕರಿಸಿ ಕೊಟ್ಟಿದ್ದೀರಿ. ಅದನ್ನು ವಾಪಸ್ ತೆಗೆದುಕೊಳ್ಳಿ. ನಿಮ್ಮ ಕಚೇರಿಯ ಮುಂದೆ ದಿನವೂ ಸಾಲು ನಿಲ್ಲುವವರು ಏನನ್ನಾದರೂ ಕೊಡಿ ಎಂದು ಕೇಳಲು ಬಂದವರು. ಕೊಟ್ಟದ್ದನ್ನು ಕಿತ್ತುಕೊಳ್ಳಿ ಎಂದು ಬಂದವನು ಯಾವ ಕಿಟಕಿಯಲ್ಲಿ ನಿಲ್ಲಬೇಕು ಎಂದು ನಿಮ್ಮ ಸಿಬ್ಬಂದಿಗೂ ತಿಳಿಯಲಿಲ್ಲ. ವಿಚಾರಣೆಯ ಕಿಟಕಿಯಲ್ಲಿದ್ದವರು “ಲೈಸೆನ್ಸ್ ಕಳೆದುಹೋಗಿದ್ಯಾ?” ಎಂದರು. ಇಲ್ಲ ಎಂದೆ. “ಹೆಸರು ತಪ್ಪಾಗಿದ್ಯಾ?” ಹೆಸರು ಸರಿಯಾಗಿದೆ ಎಂದೆ. “ಮತ್ತಿನ್ನೇನ್ ಸಾರ್, ಎಲ್ಲಾ ಸರಿಯಾಗೇ ಇದ್ಯಲ್ಲ” ಎಂದು ಮುಂದಿನವರನ್ನು ಕರೆದರು. ಅಲ್ಲಿಂದ ನಿಮ್ಮ ಕೋಣೆಗೆ ಬಂದೆ. ನೀವು ಕೇಳಿದ ಮೊದಲ ಪ್ರಶ್ನೆ, “ಅಣ್ಣ ತಮ್ಮಂದಿರ ಆಸ್ತಿ ವಿಚಾರಾನಾ?”

ಆ ಪ್ರಶ್ನೆಗೆ ನಾನು ಸಿಟ್ಟಾಗಲಿಲ್ಲ. ನಮ್ಮ ಕಡೆ ಅಣ್ಣನಾದವನು ತಮ್ಮನ ಕಾಗದಪತ್ರಗಳಲ್ಲಿ ಇಷ್ಟೊಂದು ಆಸಕ್ತಿ ತೋರಿಸುವುದು ಸಾಮಾನ್ಯವಾಗಿ ಅದೊಂದೇ ಕಾರಣಕ್ಕೆ. ನಾವಿಬ್ಬರೂ ಚಾಮರಾಜಪೇಟೆಯ ಒಂದೇ ಮನೆಯಲ್ಲಿ ಇರುವವರು, ಅವನ ಸಂಸಾರ ಕೆಳಗೆ, ನಾನೊಬ್ಬ ಮೇಲೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮೊಹರು ಬಿದ್ದ ಮಾತ್ರಕ್ಕೆ ಯಾವ ಕಾಗದವನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳಿಕೊಡುವುದಕ್ಕೆ ಸರ್ಕಾರ ನನ್ನನ್ನು ನೇಮಿಸಿದೆ. ಪ್ರಭು ಅಕ್ಕಿಪೇಟೆಯಲ್ಲಿ ಅಪ್ಪ ಬಿಟ್ಟುಹೋದ ಅಕ್ಕಿ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದ. ಅವನ ವಿದ್ಯೆಯೆಲ್ಲ ಮೂಗಿನಲ್ಲಿತ್ತು. ಮೂಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ಒಂದು ಹಿಡಿ ಅಕ್ಕಿ ತೆಗೆದು, ಮುಖದ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದ. ಇದು ಹೋದ ವರ್ಷದ್ದು, ಇದಕ್ಕೆ ಹೊಸದನ್ನು ಬೆರೆಸಿದ್ದಾರೆ, ಇದು ಗೋಡೆಯ ತೇವ ಕುಡಿದಿದೆ ಎಂದು ಒಂದೊಂದೇ ಹೇಳುತ್ತಿದ್ದ. ಅಕ್ಕಪಕ್ಕದ ಅಂಗಡಿಯವರು ತಮ್ಮತಮ್ಮಲ್ಲಿ ವಾದ ಹತ್ತಿದಾಗ ಅಕ್ಕಿಯನ್ನು ಕಾಗದದಲ್ಲಿ ಮಡಚಿಕೊಂಡು ಅವನ ಹತ್ತಿರ ಬರುತ್ತಿದ್ದರು.

ಇನ್ನೊಂದು ಸಂಗತಿಯೂ ನಿಮಗೆ ಗೊತ್ತಿರಬೇಕು. ಅವನು ಆಚಾರವಂತ. ಬೆಳಗಿನ ಇಷ್ಟಲಿಂಗ ಪೂಜೆ ಮುಗಿಸಿ ಹಣೆಗೆ ಮೂರು ಗೆರೆ ವಿಭೂತಿ ಎಳೆದನೆಂದರೆ ಮಧ್ಯಾಹ್ನದ ಊಟದವರೆಗೆ ಅದು ಅಳಿಸುವಂತಿಲ್ಲ. ನಾನು ಪೂಜೆಯನ್ನೂ ವಿಭೂತಿಯನ್ನೂ ಇಪ್ಪತ್ತನೇ ವಯಸ್ಸಿಗೇ ಬಿಟ್ಟವನು. ಇದಕ್ಕೂ ನಿಮ್ಮ ಇಲಾಖೆಗೂ ಏನು ಸಂಬಂಧ ಎನ್ನುತ್ತೀರೇನೋ. ಹೆಲ್ಮೆಟ್ಟನ್ನು ಸರಿಯಾಗಿ ಹಾಕಿಕೊಂಡರೆ ಒಳಗಿನ ಸ್ಪಂಜು ಹಣೆಗೆ ಒತ್ತಿ ಗೆರೆಗಳು ಅಳಿಸುತ್ತವೆ. ಅದಕ್ಕೇ ಪ್ರಭು ಹೆಲ್ಮೆಟ್ಟನ್ನು ಹಿಂದಕ್ಕೆ ಸರಿಸಿ, ನೆತ್ತಿಯ ಮೇಲೆ ಬುಟ್ಟಿಯ ಹಾಗೆ ಕೂರಿಸಿ, ಪಟ್ಟಿ ಬಿಗಿಯದೆ ಗಾಡಿ ಓಡಿಸುತ್ತಿದ್ದ. ಪೇಟೆಯ ಬೀದಿಗಳಲ್ಲಿ ಬೆಳಿಗ್ಗೆ ಒಂದು ಗಂಟೆ ನಿಂತರೆ ಇಂಥ ಇನ್ನೂ ಹಲವರನ್ನು ನೀವೂ ನೋಡಬಹುದು. ಪೊಲೀಸರಿಗೆ ಹೆಲ್ಮೆಟ್ ಕಾಣಬೇಕು, ಶಿವನಿಗೆ ಹಣೆ ಕಾಣಬೇಕು. ಇಬ್ಬರನ್ನೂ ಸಮಾಧಾನಪಡಿಸುವ ಏರ್ಪಾಟು ಅದು.

“ಲೋ, ಅದನ್ನ ತಲೆಗ್ ಹಾಕ್ಕೋಬೇಕು, ತಲೆ ಮೇಲೆ ಹೊತ್ಕೊಂಡ್ ಹೋಗೋದಲ್ಲ” ಎನ್ನುತ್ತಿದ್ದೆ ನಾನು.

“ನಿನ್ ಹಣೆ ಖಾಲಿ ಇದೆ ಅಣ್ಣ, ನೀನ್ ಹೆಂಗ್ ಬೇಕಾದ್ರೂ ಹಾಕ್ಕೋ.”

ಎರಡೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ, ಒಂಬತ್ತಕ್ಕೆ ಇನ್ನೂ ಕಾಲು ಗಂಟೆ ಇದ್ದಾಗ, ಹನುಮಂತನಗರದಲ್ಲಿರುವ ನಮ್ಮ ಸೋದರತ್ತೆಯನ್ನು ನೋಡಿಕೊಂಡು ಬರುತ್ತಿದ್ದೆವು. ಅವನು ಓಡಿಸುತ್ತಿದ್ದ, ನಾನು ಹಿಂದೆ ಕೂತಿದ್ದೆ. ಇಳಿಜಾರಿನ ರಸ್ತೆಗೆ ಹಿಂದಿನ ಸಂಜೆ ಯಾರೋ ಒಂದು ಹಂಪ್ ಹಾಕಿಸಿದ್ದರು. ಬಿಳಿ ಪಟ್ಟೆಯಿಲ್ಲ, ಫಲಕವಿಲ್ಲ, ರಸ್ತೆಯದೇ ಕಪ್ಪು. ಜನರ ಸುರಕ್ಷತೆಗಾಗಿ ಹಾಕಿಸಿದ್ದು ಎಂದು ಆಮೇಲೆ ತಿಳಿಯಿತು. ಗಾಡಿ ಹಾರಿ ಬಲಕ್ಕೆ ಬಿತ್ತು. ರಸ್ತೆಯ ನಡುವಿನ ಕಲ್ಲಿನ ಅಂಚಿಗೆ ಪ್ರಭುವಿನ ತಲೆ ಬಡಿಯುವ ಮೊದಲೇ ಅವನ ಹೆಲ್ಮೆಟ್ ಅವನನ್ನು ಬಿಟ್ಟು ಉರುಳುತ್ತಿತ್ತು. ನನ್ನ ಹೆಲ್ಮೆಟ್ ಬಿರುಕು ಬಿಟ್ಟಿತು, ಮೊಣಕೈ ತರಚಿತು, ಅಷ್ಟೆ. ನಂಬಿಕೆಯಿಲ್ಲದವನು ಉಳಿದ, ನಂಬಿದವನು ಬಿದ್ದ ಎಂದು ಯಾರಾದರೂ ನೀತಿ ತೆಗೆದರೆ ನಾನು ಒಪ್ಪುವುದಿಲ್ಲ. ನನ್ನನ್ನು ಉಳಿಸಿದ್ದು ಗಲ್ಲದ ಕೆಳಗಿನ ಒಂದು ಪಟ್ಟಿ. ಪೊಲೀಸರ ಕಾಗದದಲ್ಲಿ ಹಂಪಿನ ಪ್ರಸ್ತಾಪ ಬರಲಿಲ್ಲ. ‘ಸವಾರನು ತಾನಾಗಿಯೇ ಆಯತಪ್ಪಿ ಬಿದ್ದಿರುತ್ತಾನೆ’ ಎಂದಿದೆ. ನಾಲ್ಕು ದಿನದ ನಂತರ ಅದೇ ಹಂಪಿಗೆ ಬಿಳಿ ಬಣ್ಣ ಬಿತ್ತು.

ಇಲ್ಲಿಂದ ಮುಂದಿನ ಒಂದೂವರೆ ಗಂಟೆಯನ್ನು ನಾನು ಈ ಪತ್ರದಿಂದ ಬಿಟ್ಟುಬಿಡಬಹುದಿತ್ತು. ಅದನ್ನು ಹೇಳಿದರೆ ನಿಮ್ಮ ಮೇಲಿನ ನನ್ನ ದೂರು ಸ್ವಲ್ಪ ತೆಳುವಾಗುತ್ತದೆ. ಆದರೆ ಅದನ್ನು ಮುಚ್ಚಿಟ್ಟು ನಿಮ್ಮನ್ನು ಪ್ರಶ್ನಿಸುವ ಮುಖ ನನಗಿಲ್ಲ. ಕ್ಷಣ ಕಾಲ ಮಂಕಾಗಿ ಬಿದ್ದಿದ್ದ ಪ್ರಭು ಎದ್ದು ಕೂತ. ತಲೆ ಸವರಿಕೊಂಡ. ರಕ್ತವಿಲ್ಲ. ಆ ತಿರುವಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸೊಬ್ಬರು ಚೊಂಬಿನಲ್ಲಿ ನೀರು ತಂದರು. ಅವರ ಹೆಸರು ಮುನಿಯಕ್ಕ ಎಂದು ತಿಂಗಳುಗಳ ಮೇಲೆ, ಅವರನ್ನು ಹುಡುಕಿಕೊಂಡು ಹೋದಾಗ ತಿಳಿದುಕೊಂಡೆ.

“ನಿನ್ನೆಯಿಂದ ನಿಮ್ದು ಮೂರ್ನೇ ಗಾಡಿ ಕಣಪ್ಪಾ,” ಎಂದರು. “ತಲೆ ಕಲ್ಲಿಗ್ ಬಡೀತು, ಸದ್ದು ಕೇಳುಸ್ತು ನಂಗೆ. ಆಸ್ಪತ್ರೆಗ್ ತೋರುಸ್ಬುಡಿ.”

“ಏನೂ ಆಗಿಲ್ಲಮ್ಮ. ರಕ್ತಾನೂ ಬಂದಿಲ್ಲ. ನೋಡಿ, ಚೆನ್ನಾಗೇ ಇದಾನೆ” ಎಂದವನು ನಾನು.

“ಆಚೆ ಬಂದಿಲ್ಲ ಅಂತ್ಲೇ ಹೇಳ್ತಿರೋದು ಸ್ವಾಮಿ.”

ಪ್ರಭು ಆ ನೀರಿನಲ್ಲಿ ಮುಖ ತೊಳೆದ. ಜೇಬಿನಿಂದ ವಿಭೂತಿಯ ಪುಟ್ಟ ಡಬ್ಬಿ ತೆಗೆದು, ಬಿದ್ದ ಸ್ಕೂಟರಿನ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಅಳಿಸಿದ್ದ ಗೆರೆಗಳನ್ನು ಮತ್ತೆ ಎಳೆದುಕೊಂಡ. ಹಣೆಯ ಈ ಕೊನೆಯಿಂದ ಆ ಕೊನೆಯವರೆಗೆ, ಮೂರೂ ಗೆರೆ ನೇರ. ತನ್ನ ಕೈಯಾರೆ ಅವನು ಪೂರ್ತಿ ಎಳೆದುಕೊಂಡ ವಿಭೂತಿಯನ್ನು ನಾನು ನೋಡಿದ್ದು ಅದೇ ಕೊನೆ.

ಗಾಡಿಯನ್ನು ಅಲ್ಲೇ ಒಬ್ಬ ಮೆಕ್ಯಾನಿಕ್‌ಗೆ ಒಪ್ಪಿಸಿ ಆಟೋದಲ್ಲಿ ಅಕ್ಕಿಪೇಟೆಗೆ ಬಂದೆವು. ಅವನು ಅಂಗಡಿಯ ಬಾಗಿಲು ತೆಗೆದ, ಕಾಫಿ ತರಿಸಿದ, ಬಿದ್ದದ್ದನ್ನು ಎದುರು ಅಂಗಡಿಯವರಿಗೆ ನಗುತ್ತಾ ವರ್ಣಿಸಿದ. ಹತ್ತು ಗಂಟೆಗೆ ಯಾರೋ ಅಕ್ಕಿಯ ಮಾದರಿ ತಂದರು. ಅವನು ಒಂದು ಹಿಡಿ ತೆಗೆದುಕೊಂಡು ಮೂಸಿದ. ಕಣ್ಣು ಬಿಟ್ಟು ಮತ್ತೆ ಮೂಸಿದ. ಅಂಗೈಯಲ್ಲಿ ಉಜ್ಜಿ ಇನ್ನೊಮ್ಮೆ ಮೂಸಿ, ನನ್ನ ಕಡೆ ತಿರುಗಿ, “ಅಣ್ಣ, ಒಂದ್ ವಿಷ್ಯ” ಎಂದ. ಕಾಲೇಜಿಗೆ ಬರುವುದು ತಡವಾಗುತ್ತದೆ ಎಂದು ನಾನು ಫೋನಿನಲ್ಲಿ ಸಹೋದ್ಯೋಗಿಗೆ ಹೇಳುತ್ತಿದ್ದೆ. ‘ಆಮೇಲೆ’ ಎಂದು ಕೈ ಆಡಿಸಿದೆ. ಅವನು ಹಿಡಿಯಲ್ಲಿದ್ದ ಅಕ್ಕಿಯನ್ನು ವಾಪಸ್ ಸುರಿದ. ಹತ್ತೂಕಾಲಿಗೆ ತಲೆ ಭಾರ ಎಂದ. ವಾಂತಿ ಮಾಡಿದ. ಮಾತು ತೊದಲಿತು, ಎಡಗೈಯಿಂದ ಕಾಫಿ ಲೋಟ ಜಾರಿತು. ಆಮೇಲೆ ಮೂಟೆಗೆ ಒರಗಿದವನು ಕರೆದರೆ ಓಗೊಡಲಿಲ್ಲ.

ಆದ್ದರಿಂದ, ಮಾನ್ಯರೇ, ನನ್ನ ತಮ್ಮನಿಗೆ ‘ಚೆನ್ನಾಗೇ ಇದ್ದಾನೆ’ ಎಂಬ ಪ್ರಮಾಣಪತ್ರವನ್ನು ಮೊದಲು ಕೊಟ್ಟವನು ನಾನು. ನನ್ನದು ತಪ್ಪು. ಆದರೆ ನಾನು ಅವನನ್ನು ಎದುರಿಗೆ ನೋಡಿ ತಪ್ಪಿದೆ. ನಿಮ್ಮ ವ್ಯವಸ್ಥೆ ಅವನನ್ನು ನೋಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಆಸ್ಪತ್ರೆಯ ಶಸ್ತ್ರವೈದ್ಯರು ಸ್ಕ್ಯಾನಿನ ಲಕೋಟೆಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ವೃತ್ತ ಬರೆದು ತೋರಿಸಿದರು. ಬಲಗಡೆಯ ತಲೆಬುರುಡೆ ಬಿರಿದು ಒಳಗಿನ ರಕ್ತನಾಳ ಹರಿದಿದೆ. ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ತುಂಬುತ್ತಾ ಬಂದಿದೆ. ಬುರುಡೆ ಹಿಗ್ಗುವುದಿಲ್ಲ, ಆದ್ದರಿಂದ ಮೆದುಳು ಕುಗ್ಗಬೇಕಾಗುತ್ತದೆ. ರಕ್ತ ಸಾಕಷ್ಟು ತುಂಬುವವರೆಗೆ ಮನುಷ್ಯ ನಗುತ್ತಾ ಕಾಫಿ ಕುಡಿಯಬಲ್ಲ. ಬಿದ್ದ ಕೂಡಲೇ ಕರೆತಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. “ತಂದಿದ್ರೆ ಚೆನ್ನಾಗಿತ್ತು” ಎಂದರು. ಅದಕ್ಕಿಂತ ಹೆಚ್ಚು ಹೇಳದಿದ್ದದ್ದು ಅವರ ದೊಡ್ಡತನ. ಹೆಪ್ಪುಗಟ್ಟಿದ ರಕ್ತ ತೆಗೆದರು. ಮೆದುಳು ಊದಿಕೊಂಡಿದ್ದರಿಂದ ಬುರುಡೆಯ ತುಂಡನ್ನು ವಾಪಸ್ ಕೂರಿಸದೆ, ಅವನ ಹೊಟ್ಟೆಯ ಚರ್ಮದ ಅಡಿಯಲ್ಲೇ ಹೊಲಿದಿಟ್ಟರು. ಮೂಳೆ ಕೆಡದಂತೆ ಇಡಲು ಅದೂ ಒಂದು ಜಾಗವಂತೆ. ಮೂರು ತಿಂಗಳು ನನ್ನ ತಮ್ಮ ತನ್ನ ತಲೆಯ ಒಂದು ಭಾಗವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ.

ತೀವ್ರ ನಿಗಾ ಘಟಕದಲ್ಲಿ ಹತ್ತೊಂಬತ್ತು ದಿನ. ಅಲ್ಲಿಯೂ ಪರೀಕ್ಷೆಯಿದೆ. ಕಣ್ಣು ಬಿಡುವುದಕ್ಕೆ ನಾಲ್ಕು ಅಂಕ, ಮಾತಿಗೆ ಐದು, ಕೈಕಾಲಿನ ಚಲನೆಗೆ ಆರು, ಒಟ್ಟು ಹದಿನೈದು. ಏನೂ ಮಾಡದವನಿಗೂ ಮೂರು ಅಂಕ ಇದ್ದೇ ಇದೆ, ಸತ್ತವನಿಗೂ ಅಷ್ಟೇ ಬರುತ್ತದೆ. ಪ್ರಭು ಐದರಲ್ಲಿದ್ದ. ಗಂಟಲಿಗೆ ಕೊಳವೆ, ಉಸಿರಿಗೆ ಯಂತ್ರ, ತಲೆಯ ಒಳಗಿನ ಒತ್ತಡ ಅಳೆಯಲು ಒಂದು ತಂತಿ, ಒತ್ತಡ ಏರದಿರಲೆಂದು ತಲೆಯ ಕಡೆ ಎತ್ತರಿಸಿದ ಮಂಚ. ಒಳಗೆ ಕರೆದೊಯ್ಯುವಾಗ ಅವನ ಕೊರಳಿನ ಇಷ್ಟಲಿಂಗವನ್ನು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಅವನ ಹೆಸರು, ವಯಸ್ಸು, ಒಂದು ಸಂಖ್ಯೆ ಬರೆದು ನನ್ನ ಕೈಗೆ ಕೊಟ್ಟಿದ್ದರು. ಜನಿವಾರದಂತೆಯೇ, ನಮ್ಮಲ್ಲಿ ದೀಕ್ಷೆಯಾದ ಮೇಲೆ ಅದು ಮೈಯಿಂದ ಬೇರೆಯಾಗಬಾರದು. ಅವನ ಹೆಂಡತಿ ಮಹಾನಂದ ಅದನ್ನೊಮ್ಮೆ ನೋಡಿ, “ಎಡಗಡೆ ಜೇಬಲ್ಲಿ ಇಟ್ಕೊಳ್ಳಿ ಬಾವ, ಮೈಗೆ ತಾಗೋ ಹಂಗೆ” ಎಂದಳು. ಮೂವತ್ತು ವರ್ಷದ ಹಿಂದೆ ನನ್ನದನ್ನು ತೆಗೆದಿಟ್ಟವನು ಹತ್ತೊಂಬತ್ತು ದಿನ ಅವನದನ್ನು ಇಟ್ಟುಕೊಂಡು ಓಡಾಡಿದೆ. ಅದರಿಂದ ನನಗೇನೂ ಆಗಲಿಲ್ಲ. ಜೇಬು ಭಾರವಾಗಿತ್ತು ಎಂದಷ್ಟೇ ಹೇಳಬಲ್ಲೆ.

ಹೊರಗಿನ ಬೆಂಚಿನಲ್ಲಿ ನಮ್ಮ ಹಾಗೆಯೇ ಕಾಯುವವರು. ಎಣ್ಣೆ ಸ್ನಾನ ಮಾಡಿ ಬಚ್ಚಲಿನಲ್ಲಿ ಜಾರಿದ ಅತ್ತೆಯ ಕಡೆಯವರು, ಎರಡನೇ ಮಹಡಿಯ ಸಾರುವೆಯಿಂದ ಬಿದ್ದ ಬಣ್ಣದ ಕೆಲಸದವರ ಅಕ್ಕ, ಎದುರು ದಿಕ್ಕಿನಿಂದ ಬಂದ ಬೈಕಿಗೆ ಸಿಕ್ಕಿದ ಗಂಡನ ಹೆಂಡತಿ. ಎಲ್ಲರ ಬಾಯಲ್ಲೂ ಒಂದೇ ಮಾತು, ಬೆಳಿಗ್ಗೆ ಚೆನ್ನಾಗೇ ಇದ್ರು. ದಿನಕ್ಕೆ ಐದು ನಿಮಿಷ ಒಳಗೆ ಬಿಡುತ್ತಿದ್ದರು. ನಾನು ಮಂಚದ ಪಕ್ಕ ನಿಂತು ಮೆಲ್ಲಗೆ ಕರೆಯುವುದನ್ನು ಕಂಡು ಚೂಡಾಮಣಿ ಎಂಬ ನರ್ಸ್ ಬೈದರು.

“ಅಷ್ಟು ಮೆತ್ತಗ್ ಕರೆದ್ರೆ ಅವ್ರಿಗಿರ್ಲಿ, ನನಗೂ ಕೇಳಲ್ಲ ಸಾರ್. ಜೋರಾಗ್ ಕೂಗಿ. ಮನೇಲ್ ಹೆಂಗ್ ಕರೀತೀರೋ ಹಂಗೆ.”

ಜೀವಮಾನದಲ್ಲಿ ಯಾರ ಮೇಲೂ ಧ್ವನಿ ಎತ್ತದಿರುವುದನ್ನು ಒಂದು ಗುಣವೆಂದುಕೊಂಡಿದ್ದ ನಾನು, ಹತ್ತು ಜನ ಪ್ರಜ್ಞೆಯಿಲ್ಲದೆ ಮಲಗಿದ್ದ ಆ ಕೋಣೆಯಲ್ಲಿ “ಲೋ ಪ್ರಭೂ” ಎಂದು ಕೂಗಿದೆ. ಹನ್ನೊಂದನೆಯ ದಿನ ಅವನು ಕಣ್ಣು ಬಿಟ್ಟ. ಬಲಕ್ಕೆ ನಿಂತಿದ್ದ ಮಹಾನಂದಳನ್ನು ನೋಡಿದ. ಎಡಕ್ಕೆ ನಿಂತಿದ್ದ ನನ್ನನ್ನು ನೋಡಲಿಲ್ಲ. ಅದರ ಅರ್ಥ ನಮಗೆ ಆಗ ತಿಳಿಯಲಿಲ್ಲ.

ಬದುಕಿದ ಎಂದು ಎಲ್ಲರೂ ಹೇಳಿದರು. ನಿಜ. ಮೂಳೆಯನ್ನು ವಾಪಸ್ ಕೂರಿಸಿದರು, ಕೂದಲು ಬೆಳೆದು ಹೊಲಿಗೆ ಮುಚ್ಚಿತು, ನಡಿಗೆ ಬಂತು, ಮಾತು ಬಂತು. ಈಗ ಅವನನ್ನು ರಸ್ತೆಯಲ್ಲಿ ಕಂಡವರು ಯಾರೂ ಏನಾಗಿದೆ ಎಂದು ಕೇಳುವುದಿಲ್ಲ. ಏನಾಗಿದೆ ಎಂದು ನಾನು ಹೇಳುತ್ತೇನೆ. ತಟ್ಟೆಯಲ್ಲಿ ಬಲಗಡೆಯಿರುವ ಇಡ್ಲಿ ತಿಂದು ಮುಗಿಯಿತು ಎಂದು ಏಳುತ್ತಾನೆ, ಎಡಗಡೆಯ ಇಡ್ಲಿ ಹಾಗೇ ಇರುತ್ತದೆ. ಅವನ ಕಣ್ಣಿಗೆ ದೋಷವಿಲ್ಲ. ಆ ಕಡೆಗೆ ಗಮನ ಕೊಡುವ ಮೆದುಳಿನ ಭಾಗಕ್ಕೆ ಏಟಾಗಿದೆ. ಮಗಳು ಅಕ್ಷಯಾ ತಟ್ಟೆಯನ್ನು ತಿರುಗಿಸಿ ಇಡುತ್ತಾಳೆ, ಅವನು ಕೂತು ಉಳಿದದ್ದನ್ನು ತಿನ್ನುತ್ತಾನೆ. ಗಡ್ಡ ಬಲಗೆನ್ನೆಯದು ಮಾತ್ರ ಹೆರೆಯುತ್ತಾನೆ. ವಿಭೂತಿಯ ಮೂರು ಗೆರೆಗಳು ಬಲಗಡೆಯಿಂದ ಹೊರಟು ಹಣೆಯ ಮಧ್ಯಕ್ಕೆ ನಿಂತುಬಿಡುತ್ತವೆ. ಹೊರಗೆ ಹೊರಡುವ ಮುಂಚೆ ಅಕ್ಷಯಾ “ಅಪ್ಪಾ, ಬಾಗು” ಎಂದು ತನ್ನ ಬೆರಳಿನಿಂದ ಉಳಿದರ್ಧ ಎಳೆಯುತ್ತಾಳೆ. ಎರಡು ಸಲ ಮೂರ್ಛೆ ಬಂದಿದೆ, ಅದಕ್ಕೆ ಮಾತ್ರೆಯಿದೆ. ಮೂರ್ಛೆ ಬಂದದ್ದು ಅವನಿಗೆ ನೆನಪಿಲ್ಲ. ಹಿಂದೆಂದೂ ಗದರದವನು ಈಗ ಚಮಚ ಬಿದ್ದ ಸದ್ದಿಗೆ ರೇಗುತ್ತಾನೆ, ಮಧ್ಯಾಹ್ನವಾದರೆ ದಣಿದು ಮಲಗುತ್ತಾನೆ. ಮೂಗು ಪೂರ್ತಿ ಹೋಗಿದೆ. ವಾಸನೆಯ ಎಳೆಗಳು ಪೆಟ್ಟು ಬಿದ್ದ ಕ್ಷಣದಲ್ಲೇ ಕಡಿದಿರುತ್ತವೆ ಎಂದರು ವೈದ್ಯರು. ಅಂದರೆ ಅವತ್ತು ಹತ್ತು ಗಂಟೆಗೆ, ಅಂಗಡಿಯಲ್ಲಿ ಅವನು ಮೂರು ಸಲ ಮೂಸಿದಾಗಲೇ ಹೋಗಿತ್ತು. ಅಂಗಡಿಯನ್ನು ಈಗ ಮಹಾನಂದ ನಡೆಸುತ್ತಾಳೆ. ಅವನು ಪಕ್ಕದಲ್ಲಿ ಕೂತು, ಯಾರಾದರೂ ಮಾದರಿ ತಂದರೆ, ಈಗಲೂ ಮೂಸಿ ಕಣ್ಣು ಮುಚ್ಚಿ “ಹಳೇದು” ಎನ್ನುತ್ತಾನೆ. ಬಂದವರು ತಲೆಯಾಡಿಸಿ ಹೋಗುತ್ತಾರೆ. ಅಕ್ಕಿಪೇಟೆಯ ಜನಕ್ಕೆ ಇಂಥದೊಂದು ದಯೆಯಿದೆ.

ಇವೆಲ್ಲಕ್ಕಿಂತ ಕಷ್ಟದ್ದು ಇನ್ನೊಂದು. ತನಗೇನೋ ಆಗಿದೆ ಎಂದು ಅವನಿಗೆ ಅನಿಸುವುದೇ ಇಲ್ಲ. ಇದನ್ನು ನೀವು ಹಠ ಎನ್ನಬೇಡಿ, ಗಾಯದ ಒಂದು ಭಾಗ ಇದು. ಈಗ ನಿಮ್ಮ ನಮೂನೆಯನ್ನು ತೆಗೆದು ನೋಡಿ. ನಿಮಗೆ ಮೂರ್ಛೆ ಬರುತ್ತದೆಯೇ, ತಲೆ ಸುತ್ತುತ್ತದೆಯೇ, ಓಡಿಸಲು ಅಡ್ಡಿಯಾಗುವ ಬೇರೆ ತೊಂದರೆಯಿದೆಯೇ ಎಂದು ಅದು ಕೇಳುತ್ತದೆ. ಯಾರನ್ನು ಕೇಳುತ್ತದೆ? ಏಟು ತಿಂದ ಮೆದುಳನ್ನೇ ಕರೆದು, ನಿನಗೆ ಏಟಾಗಿದೆಯೇ ಎಂದು ವಿಚಾರಿಸುತ್ತದೆ. ನನ್ನ ತಮ್ಮ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಿದ್ದಾನೆ. ಅವನು ಸುಳ್ಳು ಹೇಳಲಿಲ್ಲ. ಅದರ ಜೊತೆಗೆ ವೈದ್ಯರ ಸಹಿಯುಳ್ಳ ಇನ್ನೊಂದು ನಮೂನೆಯಿದೆ. ಆ ವೈದ್ಯರು ನನ್ನ ತಮ್ಮನ ಮುಖ ನೋಡಿಲ್ಲ. ಒಂದು ಕಟ್ಟು ಖಾಲಿ ನಮೂನೆಗಳಿಗೆ ಅವರು ಮುಂಚೆಯೇ ಸಹಿ ಮಾಡಿಟ್ಟಿದ್ದರು.

ಇದನ್ನು ನನಗೆ ಹೇಳಿದವನು ದೊರೆಸ್ವಾಮಿ. ನಮ್ಮ ಅಂಗಡಿಯ ಎದುರು ಡ್ರೈವಿಂಗ್ ಸ್ಕೂಲ್ ನಡೆಸುವವನು, ಪ್ರಭುವಿನ ಜೊತೆ ಓದಿದವನು. ಮಹಾನಂದ ಊಟಕ್ಕೆ ಹೋಗಿದ್ದಾಗ ಪ್ರಭುವನ್ನು ಕರೆದೊಯ್ದು ಎಲ್ಲವನ್ನೂ ಮುಗಿಸಿದೆ ಎಂದು ಮೊದಲು ಹೇಳಿದ. ಆಮೇಲೆ ಅವನೇ ತಿದ್ದಿಕೊಂಡ, ಹೋದದ್ದು ಬೆಳಿಗ್ಗೆಯೇ, ಮನೆಯಲ್ಲಿ ಯಾರೂ ಏಳುವ ಮುಂಚೆ ಪ್ರಭುವೇ ಬಂದು ಬೀದಿಯ ಕೊನೆಯಲ್ಲಿ ನಿಂತಿದ್ದನಂತೆ.

“ಬೈಬೇಡಿ ಕೇದಾರಣ್ಣ,” ಎಂದ. “ಲೈಸೆನ್ಸ್ ಕೈಗ್ ಬಂದಾಗ ಹೆಂಗ್ ನಕ್ಕ ಗೊತ್ತಾ? ಎರಡೂವರೆ ವರ್ಷ ಆಯ್ತು ಅವನು ಹಂಗ್ ನಕ್ಕು.”

“ಡಾಕ್ಟರು ನೋಡ್ದೇನೆ?”

“ಡಾಕ್ಟ್ರು ಯಾಕ್ ನೋಡ್ಬೇಕು, ಚಿಕ್ಕಂದಿನಿಂದ ನಾನ್ ನೋಡಿದೀನಲ್ಲ.”

ದೊರೆಸ್ವಾಮಿಯನ್ನು ನಾನು ಬೈಯಲಿಲ್ಲ. ಅವನು ಮಾಡಿದ್ದು ಪ್ರೀತಿಗೆ. ಪ್ರೀತಿಗೆ ಕುರುಡಾಗುವ ಹಕ್ಕಿದೆ. ನಿಮಗೆ ಆ ಹಕ್ಕನ್ನು ಯಾರು ಕೊಟ್ಟರು?

ಈಗ ಆ ಫೋಟೋದ ವಿಚಾರಕ್ಕೆ ಬರುತ್ತೇನೆ. ನೀವು ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಪರದೆಯನ್ನು ನನ್ನ ಕಡೆ ತುಸು ತಿರುಗಿಸಿ, ಚೆನ್ನಾಗೇ ಕಾಣ್ತಾರಲ್ಲ ಎಂದಿರಿ. ದಯವಿಟ್ಟು ಇನ್ನೊಮ್ಮೆ ತೆರೆಯಿರಿ. ಅದು ನಿಮ್ಮ ಕಚೇರಿಯಲ್ಲೇ, ನಿಮ್ಮ ಸಿಬ್ಬಂದಿಯೇ ತೆಗೆದ ಫೋಟೋ. ಆ ದಿನ ಪ್ರಭು ಮನೆಯವರಿಗೆ ಹೇಳದೆ ಹೊರಟಿದ್ದ. ಅಕ್ಷಯಾ ಇನ್ನೂ ಎದ್ದಿರಲಿಲ್ಲ. ಅವನ ಮುಖವನ್ನು ಪೂರ್ತಿ ಮಾಡಿ ಕಳಿಸುವ ಕೈ ಅವತ್ತು ಅವನ ಹಣೆಯ ಮೇಲೆ ಓಡಿರಲಿಲ್ಲ. ನೋಡಿ. ಮೂರು ಬಿಳಿ ಗೆರೆಗಳು ಅವನ ಬಲಗಡೆಯಿಂದ ಹೊರಟು ಹಣೆಯ ಮಧ್ಯದಲ್ಲಿ, ಗೋಡೆ ಸಿಕ್ಕಿದಂತೆ ನಿಂತಿವೆ. ಎಡಗಡೆಯ ಹಣೆ ಬರಿದು. ಬಲಗೆನ್ನೆ ನುಣುಪು, ಎಡಗೆನ್ನೆಯಲ್ಲಿ ವಾರದ ಗಡ್ಡ. ಯಾವ ನರವೈದ್ಯರೂ ಇದಕ್ಕಿಂತ ಸ್ಪಷ್ಟವಾಗಿ ವರದಿ ಬರೆಯಲಾರರು. ನಿಮ್ಮ ಇಲಾಖೆ ಅವನ ಗಾಯದ ಚಿತ್ರ ತೆಗೆದು, ಕಾರ್ಡಿನ ಮೇಲೆ ಅಚ್ಚು ಹಾಕಿ, ಅದರ ಪಕ್ಕದಲ್ಲೇ ಓಡಿಸಲು ಅರ್ಹ ಎಂದು ಬರೆದು ಕಳಿಸಿದೆ. ನಲವತ್ತು ವರ್ಷದಿಂದ ಆ ಮುಖ ನೋಡಿದ ನನಗೆ ಕಂಡದ್ದು ನಿಮಗೂ ಕಾಣಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಒಂದು ಸಲ ನೋಡಬೇಕಿತ್ತು ಎನ್ನುತ್ತಿದ್ದೇನೆ.

ಆ ಕಾರ್ಡನ್ನು ಅವನು ಪೂಜೆಯ ಮಣೆಯ ಪಕ್ಕದಲ್ಲಿ ಇಟ್ಟಿದ್ದಾನೆ. ಸ್ಕೂಟರ್ ರಿಪೇರಿಯಾಗಿ ಮೆಟ್ಟಿಲ ಕೆಳಗೆ ನಿಂತಿದೆ. ಕೀ ನನ್ನ ಜೇಬಿನಲ್ಲಿದೆ, ಎಡಗಡೆಯ ಜೇಬಿನಲ್ಲೇ. ದಿನವೂ ಬೆಳಿಗ್ಗೆ ಅವನು ಅದನ್ನು ಹುಡುಕುತ್ತಾನೆ. ಹಿಂದಿನ ದಿನ ಹುಡುಕಿದ್ದು ಒಮ್ಮೊಮ್ಮೆ ನೆನಪಿರುತ್ತದೆ, ಒಮ್ಮೊಮ್ಮೆ ಇರುವುದಿಲ್ಲ. ನೆನಪಿರುವ ದಿನ ನನ್ನ ಮೆಟ್ಟಿಲು ಹತ್ತಿ ಬರುತ್ತಾನೆ.

“ಕೀ ಕೊಡು.”

“ಇನ್ನೂ ಸ್ವಲ್ಪ ದಿನ ಹೋಗ್ಲಿ ಪ್ರಭು.”

“ಸರ್ಕಾರಾನೇ ಒಪ್ಕೊಂಡಿದೆ. ನೀನ್ಯಾರು?”

ನೀವೇ ಹೇಳಿ, ಮಾನ್ಯರೇ. ನಾನು ಯಾರು? ನಿಮ್ಮ ಮೊಹರಿನ ಮುಂದೆ ಅಣ್ಣ ಎಂಬುದು ಯಾವ ಹುದ್ದೆ? ಅವನು ಆಮೇಲೆ ಕೆಳಗೆ ಹೋಗಿ ಮಗಳಿಗೆ ಹೇಳುತ್ತಾನೆ, ಕಾಲೇಜು ಶುರುವಾಗಲಿ, ಬಸವನಗುಡಿಗೆ ದಿನಾ ನಾನೇ ಬಿಡ್ತೀನಿ. ಕಾಲೇಜು ಮುಂದಿನ ತಿಂಗಳು ಶುರುವಾಗುತ್ತದೆ. ಮೊನ್ನೆ ಅಕ್ಷಯಾ ಒಬ್ಬಳೇ ನನ್ನ ಕೋಣೆಗೆ ಬಂದಳು. ಅವಳಿಗೆ ಹದಿನೇಳು.

“ಕೀ ಕೊಟ್ಬಿಡಿ ದೊಡ್ಡಪ್ಪ. ಅಪ್ಪ ಓಡಿಸ್ಲಿ, ನಾನ್ ಹಿಂದೆ ಕೂತ್ಕೋತೀನಿ. ಎಡಗಡೆ ನಾನ್ ನೋಡ್ಕೋತೀನಿ. ಬಸ್ ಏನಾದ್ರೂ ಬಂದ್ರೆ ಭುಜ ತಟ್ತೀನಿ.”

“ಹಿಂದೆ ಕೂತವರಿಗೆ ಅಷ್ಟು ಟೈಮ್ ಸಿಗಲ್ಲ ಮಗಳೇ. ನಾನ್ ಕೂತಿದ್ದೆ.”

“ನೀವು ಫೋನ್ ನೋಡ್ತಾ ಕೂತಿರ್ತೀರಾ,” ಎಂದಳು. ಅವಳಿಗೆ ಅಂಗಡಿಯ ಸಂಗತಿ ಗೊತ್ತಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ಸುಮ್ಮನೆ, ನನ್ನ ಅಭ್ಯಾಸ ನೋಡಿ ಅಂದಳು. ತಟ್ಟೆ ತಿರುಗಿಸಿದ ಹಾಗೆ, ಗೆರೆ ಪೂರ್ತಿ ಮಾಡಿದ ಹಾಗೆ, ಒಂದು ರಸ್ತೆಯ ಎಡಭಾಗವನ್ನೂ ತಾನು ಪೂರ್ತಿ ಮಾಡಬಲ್ಲೆ ಎಂದು ಆ ಹುಡುಗಿ ನಂಬಿದ್ದಾಳೆ. ಅವಳನ್ನು ಆ ಸೀಟಿನ ಮೇಲೆ ಕೂರಿಸುತ್ತಿರುವುದು ನೀವು ಕೊಟ್ಟ ಕಾರ್ಡು. ನಾನು ಇದಕ್ಕೆ ಒಪ್ಪುವುದಿಲ್ಲ. ಸರ್ಕಾರ ಒಪ್ಪಿದ್ದರೂ ಒಪ್ಪುವುದಿಲ್ಲ.

ನನಗೆ ಬೇಕಾದದ್ದು ಇಷ್ಟೇ. ಪ್ರಭುದೇವನನ್ನು ನಿಮ್ಮ ಕಚೇರಿಗೆ ಕರೆಸಿ. ನಿಮ್ಮ ಎಡಕ್ಕೋ ಬಲಕ್ಕೋ ಬೇಡ, ನಿಮ್ಮ ಎದುರಿಗೆ ಕೂರಿಸಿ. ಅವನ ಮುಖ ನೋಡಿ. ಒಂದು ಕಾಗದದ ಮೇಲೆ ಗಡಿಯಾರ ಬರೆ ಎನ್ನಿ, ಹನ್ನೆರಡೂ ಅಂಕಿಗಳನ್ನು ಬಲಗಡೆಯಲ್ಲೇ ಒತ್ತೊತ್ತಾಗಿ ಬರೆದು ಕೊಡುತ್ತಾನೆ. ನಂತರ ನರವೈದ್ಯರ ಪರೀಕ್ಷೆಗೆ ಕಳಿಸಿ, ಅವರ ವರದಿ ಬರುವವರೆಗೆ ಲೈಸೆನ್ಸನ್ನು ಹಿಂದೆ ಪಡೆಯಿರಿ. ಆ ಆದೇಶವನ್ನು ನೀವೇ, ನಿಮ್ಮ ಮೊಹರಿನೊಂದಿಗೆ, ಅವನ ಕೈಗೆ ಕೊಡಿ. ನಾನು ಕೊಟ್ಟರೆ ಅದು ಅಣ್ಣನ ಹೊಟ್ಟೆಕಿಚ್ಚು, ಮಹಾನಂದ ಕೊಟ್ಟರೆ ಹೆಂಡತಿಯ ಕಾಟ. ಅವನು ನಂಬುವುದು ನಿಮ್ಮನ್ನು. ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಯಿಂದ ಹೊರಬಂದ ಯಾರಿಗೇ ಆಗಲಿ, ಎದುರು ಕೂತು ನೋಡದ ವೈದ್ಯರ ಸಹಿಯ ಮೇಲೆ ನಿಮ್ಮ ಕಚೇರಿ ಇನ್ನೊಂದು ಲೈಸೆನ್ಸ್ ಕೊಡಕೂಡದು. ಅಲ್ಲಿಯವರೆಗೆ ಕೀ ನನ್ನ ಬಳಿಯೇ ಇರುತ್ತದೆ. ಲೈಸೆನ್ಸ್ ಉಳ್ಳ ಪ್ರಜೆಯೊಬ್ಬನ ವಾಹನದ ಕೀಲಿಯನ್ನು ಕದ್ದಿಟ್ಟುಕೊಳ್ಳುವುದು ಅಪರಾಧವಾದರೆ, ಈ ಪತ್ರವನ್ನೇ ತಪ್ಪೊಪ್ಪಿಗೆಯೆಂದು ತೆಗೆದುಕೊಂಡು ಕ್ರಮ ಜರುಗಿಸಿ. ಹೇಗಾದರೂ ಆಗಲಿ, ನಿಮ್ಮ ಕಚೇರಿ ಒಂದು ಕ್ರಮ ಜರುಗಿಸಿದ್ದನ್ನು ನೋಡಿದಂತಾಗುತ್ತದೆ.

ಇಂತಿ,
ಪಟ್ಟಿ ಬಿಗಿದು ಹಿಂದೆ ಕೂತಿದ್ದಕ್ಕೆ ಉಳಿದುಕೊಂಡ,
ಸದ್ಯಕ್ಕೆ ಕೀಲಿ ಕಳ್ಳ,
ಕೇದಾರ್
ಚಾಮರಾಜಪೇಟೆ

ಇನ್ನೊಂದು ಮಾತು ಉಳಿಯಿತು. ಇದು ನಿಮಗಲ್ಲ, ಮಾನ್ಯರೇ. ನಾನು ಈ ಸಾಲುಗಳನ್ನು ಬರೆಯುವಾಗ ಕೆಳಗಿನ ಮನೆಯಲ್ಲಿ ಕೀ ಹುಡುಕುತ್ತಿರುವವನಿಗೂ ಅಲ್ಲ, ಅವನನ್ನು ಕೇಳಿದ್ದೇನೆ, ಅವನಿಗೆ ಆ ದಿನದ ಏನೂ ನೆನಪಿಲ್ಲ. ಅಕ್ಕಿಪೇಟೆಯ ಅಂಗಡಿಯಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಹಣೆ ತುಂಬ ವಿಭೂತಿ ಇಟ್ಟುಕೊಂಡು, ಹಿಡಿ ಅಕ್ಕಿಯನ್ನು ಮೂರನೇ ಸಲ ಮೂಸಿ ನನ್ನ ಕಡೆ ತಿರುಗಿದವನಿಗೆ. ಪ್ರಭು, ನನ್ ಫೋನ್ ಮುಗೀತು ಕಣೋ. ಒಂದ್ ವಿಷ್ಯ ಅಂದ್ಯಲ್ಲ, ಏನದು?